ಯುದ್ಧದ ಕಳೆನಾಶಕ, ಹೊಲದ ಕಳೆನಾಶಕ: ಮೂರು ತಾಲ್ಲೂಕುಗಳು ಇಡಬೇಕಾದ ಲೆಕ್ಕ

ವಿಯೆಟ್ನಾಂ ಯುದ್ಧ ಮುಗಿದು 2025ರ ಏಪ್ರಿಲ್ 30ಕ್ಕೆ 50 ವರ್ಷಗಳಾದವು. ಗುಂಡಿನ ಸದ್ದು ಅಂದೇ ನಿಂತಿತು. ಆದರೆ ಆ ಯುದ್ಧದಲ್ಲಿ ಕಾಡು ಮತ್ತು ಬೆಳೆಗಳ ಮೇಲೆ ವಿಮಾನದಿಂದ ಸುರಿದ ಕಳೆನಾಶಕದ ಪರಿಣಾಮ ಇಂದಿಗೂ ಮುಗಿದಿಲ್ಲ. ಅಲ್ಲಿನ ಬಿಯೆನ್ ಹೋವಾ ವಾಯುನೆಲೆಯ ವಿಷಪೂರಿತ ಮಣ್ಣನ್ನು ಅಮೆರಿಕದ ನೆರವಿನಿಂದ ಶುದ್ಧಗೊಳಿಸುವ ಕೆಲಸ 2019ರಲ್ಲಿ ಆರಂಭವಾಯಿತು. 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಈ ಕೆಲಸವೂ ಕೆಲಕಾಲ ಸ್ಥಗಿತಗೊಂಡು, ಅಗೆದ ಮಣ್ಣು ಹಾಗೆಯೇ ಬಿದ್ದಿತ್ತು.

ಆಳಂದ, ಅಫಜಲಪುರ, ಜೇವರ್ಗಿಯ ಓದುಗರಿಗೆ ಇದು ದೂರದ ಸುದ್ದಿ ಎನಿಸಬಹುದು. ಆದರೆ ಆ ವಿಮಾನಗಳಲ್ಲಿ ಹೆಚ್ಚಾಗಿ ಬಳಸಿದ ಮಿಶ್ರಣದ ಎರಡು ರಾಸಾಯನಿಕಗಳಲ್ಲಿ ಒಂದು ಇಂದಿಗೂ ಕಬ್ಬು, ಜೋಳದ ಹೊಲಗಳಿಗೆಂದು ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ಆದ್ದರಿಂದ ಆ ಯುದ್ಧದ ಕಥೆಯನ್ನು ಮೂರು ತಾಲ್ಲೂಕುಗಳ ರೈತರು ಮತ್ತು ವ್ಯಾಪಾರಿಗಳು ಒಮ್ಮೆ ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಹೆದರುವುದಕ್ಕಾಗಿ ಅಲ್ಲ, ಲೆಕ್ಕ ಇಡುವುದಕ್ಕಾಗಿ.

ಕಿತ್ತಳೆ ಪಟ್ಟಿಯ ಪೀಪಾಯಿ

1962ರಿಂದ 1971ರವರೆಗೆ ಅಮೆರಿಕದ ವಾಯುಪಡೆ ದಕ್ಷಿಣ ವಿಯೆಟ್ನಾಂ ಮೇಲೆ 7 ಕೋಟಿ ಲೀಟರಿಗೂ ಹೆಚ್ಚು ಕಳೆನಾಶಕ ಸಿಂಪಡಿಸಿತು. ಕಾಡಿನಲ್ಲಿ ಅಡಗಿದ ಸೈನಿಕರಿಗೆ ಮರೆ ಸಿಗಬಾರದು, ಅವರಿಗೆ ಅನ್ನ ಸಿಗಬಾರದು ಎಂಬುದು ಉದ್ದೇಶ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು 'ಏಜೆಂಟ್ ಆರೆಂಜ್' ಎಂಬ ಮಿಶ್ರಣದ್ದು. ಪೀಪಾಯಿಗಳ ಮೇಲೆ ಬಳಿದ ಕಿತ್ತಳೆ ಬಣ್ಣದ ಪಟ್ಟಿಯಿಂದ ಆ ಹೆಸರು ಬಂತು.

ಮಿಶ್ರಣದ ಅರ್ಧ ಭಾಗ 2,4-ಡಿ, ಇನ್ನರ್ಧ 2,4,5-ಟಿ. ಎರಡನೆಯದನ್ನು ತಯಾರಿಸುವಾಗ ಯಾರೂ ಬೇಕೆಂದು ಸೇರಿಸದ ಒಂದು ವಿಷ ತಾನಾಗಿ ಹುಟ್ಟಿಕೊಳ್ಳುತ್ತಿತ್ತು. ಅದೇ ಡಯಾಕ್ಸಿನ್. ಕೊಬ್ಬಿನಲ್ಲಿ ಸೇರಿಕೊಳ್ಳುವ ಈ ವಿಷ ಮನುಷ್ಯನ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7ರಿಂದ 11 ವರ್ಷ ಬೇಕು. ಕೆರೆ ಕುಂಟೆಗಳ ಕೆಸರಿನಲ್ಲಿ ದಶಕಗಳ ಕಾಲ ಉಳಿದು ಮೀನು, ಬಾತುಕೋಳಿಗಳ ಮೂಲಕ ಮತ್ತೆ ಊಟದ ತಟ್ಟೆಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಇದನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಅಂಗವಿಕಲತೆ, ಕ್ಯಾನ್ಸರ್ ಮುಂತಾದ ತೊಂದರೆಗಳಿಂದ ಬಳಲಿದವರ ಸಂಖ್ಯೆ 30 ಲಕ್ಷದವರೆಗೆ ಇದೆ ಎಂಬುದು ವಿಯೆಟ್ನಾಂನ ಅಂದಾಜು.

ಇಲ್ಲಿ ಗಮನಿಸಬೇಕಾದದ್ದು ಪರಿಹಾರದ ಕಥೆ. ಅಮೆರಿಕದ ಮಾಜಿ ಸೈನಿಕರು ನ್ಯಾಯಾಲಯಕ್ಕೆ ಹೋದರು. 1984ರಲ್ಲಿ ತಯಾರಿಕಾ ಕಂಪನಿಗಳು 18 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾದವು. 1991ರಲ್ಲಿ ಆ ದೇಶ ಕಾನೂನನ್ನೇ ಮಾಡಿತು. ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿದ ಸೈನಿಕನಿಗೆ ಪಟ್ಟಿಯಲ್ಲಿರುವ ಕಾಯಿಲೆ ಬಂದರೆ, ಅದು ಕಳೆನಾಶಕದಿಂದಲೇ ಬಂದಿದೆ ಎಂದು ಸರ್ಕಾರ ಒಪ್ಪಿಕೊಳ್ಳಬೇಕು. ಆತ ಬೇರೆ ಸಾಕ್ಷಿ ತರಬೇಕಿಲ್ಲ. ಆದರೆ ಅದೇ ಮಣ್ಣಿನಲ್ಲಿ ಬದುಕಿದ ವಿಯೆಟ್ನಾಂ ಜನರು ಹೂಡಿದ ದಾವೆಯನ್ನು 2005ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯಾಲಯ ತಳ್ಳಿಹಾಕಿತು. ವಿಷ ಒಂದೇ, ನ್ಯಾಯ ಎರಡು.

ಇನ್ನೊಂದು ಅಂಶವೂ ಇದೆ. ವಾಯುಪಡೆ ತನ್ನ ಹಾರಾಟಗಳ ಲೆಕ್ಕ ಇಟ್ಟಿತ್ತು. ಯಾವ ದಿನ, ಯಾವ ದಾರಿಯಲ್ಲಿ, ಎಷ್ಟು ಸುರಿದರು ಎಂಬ ಆ ದಾಖಲೆಯಿಂದಲೇ 2003ರಲ್ಲಿ ವಿಜ್ಞಾನಿಗಳು ಎಷ್ಟು ಹಳ್ಳಿಗಳು, ಎಷ್ಟು ಲಕ್ಷ ಜನ ಸಿಂಪಡಣೆಗೆ ಸಿಕ್ಕಿದ್ದರು ಎಂದು ಹೊಸದಾಗಿ ಲೆಕ್ಕ ಹಾಕಲು ಸಾಧ್ಯವಾಯಿತು. ಸುರಿದವರ ಲೆಕ್ಕದ ಪುಸ್ತಕವೇ ನೊಂದವರ ಸಾಕ್ಷಿಯಾಯಿತು.

ಕಾಸರಗೋಡಿನ ಗೇರು ತೋಟ

ಆಕಾಶದಿಂದ ವಿಷ ಸುರಿಯಲು ಯುದ್ಧವೇ ಬೇಕಿಲ್ಲ ಎಂಬುದನ್ನು ಕನ್ನಡದ ಗಡಿನಾಡು ಕಂಡಿದೆ. ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಇದು ಕಳೆನಾಶಕವಲ್ಲ, ಗೇರಿನ ಚಹಾ ಸೊಳ್ಳೆಗೆ ಹೊಡೆಯುವ ಕೀಟನಾಶಕ. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಬಾವಿ, ಶಾಲೆ. ಕರುಗಳು ಅಂಗವಿಕಲವಾಗಿ ಹುಟ್ಟುವುದನ್ನು ಪತ್ರಕರ್ತ ಶ್ರೀ ಪಡ್ರೆ ಮೊದಲಿಗೆ ಬರೆದರು. ಎಣ್ಮಕಜೆ ಪಂಚಾಯಿತಿಯ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಒಂದೇ ಬಗೆಯ ತೊಂದರೆಗಳು ಮತ್ತೆ ಮತ್ತೆ ಕಾಣುವುದನ್ನು ಗುರುತು ಹಾಕಿಕೊಂಡು ಹೊರಜಗತ್ತಿಗೆ ತಿಳಿಸಿದರು. ಈ ಸಂಬಂಧವನ್ನು ಒಪ್ಪದ ತಜ್ಞರೂ ಇದ್ದರು, ವಾದ ವರ್ಷಗಟ್ಟಲೆ ನಡೆಯಿತು.

ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆ ಸುತ್ತಲಿನ ಗೇರು ತೋಟಗಳ ಹಳ್ಳಿಗಳಲ್ಲೂ ಇದೇ ನೋವು. ಕರ್ನಾಟಕ ಸರ್ಕಾರ 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನ್ ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ ಮತ್ತು ಮಾರಾಟಕ್ಕೆ ತಡೆ ನೀಡಿತು. 2017ರ ಜನವರಿ 10ರಂದು ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಆದರೆ 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಮತ್ತೆ ವಿಚಾರಿಸಿದಾಗ 3,704 ಮಂದಿಯಲ್ಲಿ ಕೇವಲ 8 ಮಂದಿಗೆ ಹಣ ಸಿಕ್ಕಿತ್ತು.

ಅಲ್ಲಿಯೂ ಪಟ್ಟಿ ಮಾಡಲು ಸಾಧ್ಯವಾದದ್ದು ಏಕೆ? ಯಾವ ತೋಟ, ಯಾರ ಹೆಲಿಕಾಪ್ಟರ್, ಯಾವ ಔಷಧ ಎಂಬುದರಲ್ಲಿ ಸಂಶಯವಿರಲಿಲ್ಲ. ಸುತ್ತಲಿನ ಪಂಚಾಯಿತಿಗಳನ್ನು ಗುರುತಿಸಬಹುದಿತ್ತು. ಇಷ್ಟೆಲ್ಲ ಇದ್ದೂ ಪರಿಹಾರ ಇಷ್ಟು ತಡವಾಯಿತು. ಅಷ್ಟೂ ಇಲ್ಲದ ಕಡೆ ಏನು ಗತಿ?

ಮೂರು ತಾಲ್ಲೂಕುಗಳ ಹೊಲದಲ್ಲಿ

ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆಳಂದದ ತೊಗರಿ, ಅಫಜಲಪುರದ ಭೀಮಾ ದಂಡೆಯ ಕಬ್ಬು, ಜೇವರ್ಗಿಯ ತೊಗರಿ ಮತ್ತು ಹತ್ತಿ ಈ ಭಾಗದ ಜೀವನಾಡಿ. ಮುಂಗಾರು ಮಳೆ ಬಿದ್ದ ಮೂರ್ನಾಲ್ಕು ವಾರಕ್ಕೆ ಕಸ ಬೆಳೆಯನ್ನು ಮೀರಿ ನಿಲ್ಲುತ್ತದೆ. ಹಿಂದೆ ಎಡೆಕುಂಟೆ ಹೊಡೆದು, ಉಳಿದದ್ದನ್ನು ಹೆಣ್ಣುಮಕ್ಕಳು ಕುಳಿತು ತೆಗೆಯುತ್ತಿದ್ದರು. ಈಗ ಎತ್ತು ಕಡಿಮೆ, ಆಳು ಕಡಿಮೆ. ದುಡಿಯುವ ವಯಸ್ಸಿನವರು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಸೇರಿದ್ದಾರೆ. ಹೀಗಾಗಿ 'ಕಸದ ಎಣ್ಣೆ' ಹೊಡೆಯುವುದು ರೂಢಿಯಾಗಿದೆ. ಇದಕ್ಕೆ ರೈತನನ್ನು ದೂರುವಂತಿಲ್ಲ. ಅವನಿಗೂ ಬೇರೆ ದಾರಿ ಕಾಣುತ್ತಿಲ್ಲ.

ಈ ಎಣ್ಣೆಗಳಲ್ಲಿ 2,4-ಡಿ ಒಂದು. ಒಂದು ಮಾತು ಸ್ಪಷ್ಟವಾಗಿರಬೇಕು. ಅಂಗಡಿಯ 2,4-ಡಿ ಎಂದರೆ ಏಜೆಂಟ್ ಆರೆಂಜ್ ಅಲ್ಲ. ಅಲ್ಲಿ ದೊಡ್ಡ ಅನಾಹುತ ಮಾಡಿದ ಡಯಾಕ್ಸಿನ್ ಬಂದದ್ದು 2,4,5-ಟಿಯಿಂದ. ಅದಕ್ಕೆ ಭಾರತದಲ್ಲಿ ನೋಂದಣಿಯನ್ನೇ ನಿರಾಕರಿಸಲಾಗಿದೆ. 2,4-ಡಿ ಬಗ್ಗೆ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಹೇಳಿದ್ದು 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು' ಎಂದಷ್ಟೇ. ಹಲವು ದೇಶಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಸುಳ್ಳು ಹೆದರಿಕೆ ಹುಟ್ಟಿಸಿದರೆ ನಿಜವಾದ ಎಚ್ಚರಿಕೆಯನ್ನೂ ಜನ ನಂಬುವುದಿಲ್ಲ.

ಆದರೆ ಅದರ ಓಡಾಟ ಹೇಗಿರುತ್ತದೆ ಎಂಬುದನ್ನು ಹೊಲವೇ ತೋರಿಸುತ್ತದೆ. 2,4-ಡಿ ಹುಲ್ಲಿನ ಜಾತಿಯ ಕಬ್ಬು, ಜೋಳವನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ಹತ್ತಿ, ತೊಗರಿ ಎರಡೂ ಅಗಲ ಎಲೆಯವೇ. ಹತ್ತಿಗಂತೂ ಇದು ಬಹಳ ಸ್ವಲ್ಪವೇ ಸಾಕು. ಕಬ್ಬಿಗೆ ಹೊಡೆದ ಎಣ್ಣೆ ಗಾಳಿಗೆ ತೇಲಿ ಬಂದರೆ ಪಕ್ಕದ ಹೊಲದ ಹತ್ತಿ ಎಲೆ ಮುದುಡಿ, ಸೀಳಿ, ತಿರುಚಿಕೊಳ್ಳುತ್ತದೆ. ಅದೇ ಪಂಪನ್ನು ಸರಿಯಾಗಿ ತೊಳೆಯದೆ ಹತ್ತಿಗೆ ಹುಳದ ಎಣ್ಣೆ ಹೊಡೆದರೂ ಇದೇ ಫಲ. ಪಂಪಿನ ತಳದಲ್ಲಿ ಉಳಿದ ಅಷ್ಟೇ ಅಂಶಕ್ಕೆ ಗಿಡ ಹೀಗಾಗುವುದಾದರೆ, ಬರಿಗೈಯಲ್ಲಿ ಕಲಸುವ, ಮೂಗಿಗೆ ಟವೆಲ್ ಮಾತ್ರ ಕಟ್ಟಿಕೊಂಡು ದಿನವಿಡೀ ಪಂಪು ಹೊರುವ ಕೂಲಿಯವನ ಮೈಗೆ ಎಷ್ಟು ತಾಗುತ್ತದೆ ಎಂದು ಯೋಚಿಸಬೇಕು. ನೀರು ತಂದುಕೊಡುವ ಹೆಣ್ಣುಮಕ್ಕಳನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕದ ಅಪಾಯ ತಕ್ಷಣದ್ದು. ಒಂದು ಗುಟುಕು ಹೊಟ್ಟೆಗೆ ಹೋದರೂ ಜೀವ ಉಳಿಯುವುದು ಕಷ್ಟ. ಅದಕ್ಕೆ ಪ್ರತಿವಿಷವಿಲ್ಲ. ಯುರೋಪಿನಲ್ಲಿ 2007ರಲ್ಲೇ ಅದನ್ನು ನಿಲ್ಲಿಸಲಾಗಿದೆ. ನೆರೆಯ ಮಹಾರಾಷ್ಟ್ರದ ಯವತ್ಮಾಳದಲ್ಲಿ 2017ರ ಮಳೆಗಾಲದಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುತ್ತಲೇ 20ಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತದ್ದನ್ನು ಈ ಭಾಗದವರು ಮರೆಯಬಾರದು.

ಕಾನೂನು ಎಲ್ಲಿಗೆ ಬಂತು

ದೇಶದಲ್ಲಿ ಇಂದಿಗೂ ನಡೆಯುತ್ತಿರುವುದು 1968ರ ಕೀಟನಾಶಕ ಕಾಯ್ದೆ. ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ 27 ಕೀಟನಾಶಕ, ಕಳೆನಾಶಕಗಳ ನಿಷೇಧಕ್ಕೆ ಕರಡು ಆದೇಶ ಹೊರಡಿಸಿತು. ಅದರಲ್ಲಿ 2,4-ಡಿ ಇತ್ತು, ತೊಗರಿ ಬಿತ್ತಿದ ಕೂಡಲೇ ಹೊಡೆಯುವ ಪೆಂಡಿಮೆಥಾಲಿನ್ ಕೂಡ ಇತ್ತು. ತಯಾರಕರ ಆಕ್ಷೇಪಣೆ, ತಜ್ಞರ ಸಮಿತಿಯ ಪರಿಶೀಲನೆ ನಡೆದು 2023ರಲ್ಲಿ ಅಂತಿಮ ಆದೇಶ ಬಂದಾಗ ಪೂರ್ತಿ ನಿಷೇಧಕ್ಕೆ ಒಳಗಾದವು ಕೆಲವೇ. ಆ ಎರಡೂ ಉಳಿದುಕೊಂಡವು. ಗ್ಲೈಫೋಸೇಟ್ ಬಳಕೆಯನ್ನು ಪರವಾನಗಿ ಪಡೆದ ಸಿಂಪಡಣೆಗಾರರಿಗೆ ಮಾತ್ರ ಸೀಮಿತಗೊಳಿಸಿ 2022ರ ಅಕ್ಟೋಬರ್‌ನಲ್ಲಿ ಆದೇಶವಾಯಿತು. ಹಳ್ಳಿಯ ಹೊಲದಲ್ಲಿ ಅಂಥ ಸಿಂಪಡಣೆಗಾರ ಎಲ್ಲಿ ಸಿಗುತ್ತಾನೆ?

ಅಂದರೆ ನಿಷೇಧ ಬರಲಿ ಎಂದು ಕಾಯುತ್ತಾ ಕುಳಿತರೆ ಕೆಲಸವಾಗದು. ಎಂಡೋಸಲ್ಫಾನ್ ಕೂಡ ನಿಷೇಧವಾಗುವ ಹಿಂದಿನ ದಿನದವರೆಗೆ ಕಾನೂನುಬದ್ಧ ಔಷಧವೇ ಆಗಿತ್ತು. ತೊಗರಿಯ ಕಾಯಿಕೊರಕಕ್ಕೆ ಅದನ್ನು ಹೊಡೆಯಿರಿ ಎಂದು ಶಿಫಾರಸು ಮಾಡುತ್ತಿದ್ದ ಕಾಲವೂ ಇತ್ತು.

ಸಾಕ್ಷಿ ಯಾರ ಬಳಿ ಇದೆ

ಮೂರು ತಾಲ್ಲೂಕುಗಳ ನಿಜವಾದ ತೊಂದರೆ ಇಲ್ಲಿದೆ. ಇಲ್ಲಿ ವಿಮಾನವಿಲ್ಲ, ಹೆಲಿಕಾಪ್ಟರ್ ಇಲ್ಲ. ಸಾವಿರಾರು ಜನ ಸಾವಿರಾರು ಪಂಪುಗಳಿಂದ ತಮ್ಮ ತಮ್ಮ ಹೊಲಕ್ಕೆ ಹೊಡೆಯುತ್ತಾರೆ. ಏನು, ಎಷ್ಟು, ಯಾವಾಗ ಎಂದು ಯಾರೂ ಬರೆದಿಡುವುದಿಲ್ಲ. 20 ವರ್ಷದ ನಂತರ ಒಂದು ಹಳ್ಳಿಯಲ್ಲಿ ಒಂದೇ ಬಗೆಯ ಕಾಯಿಲೆ ಹೆಚ್ಚಾದರೆ, ಕಾರಣ ಹುಡುಕಲು ಬಂದ ವೈದ್ಯರಿಗೆ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಆಗ ಅದು ಹಣೆಬರಹ ಎನಿಸಿಕೊಳ್ಳುತ್ತದೆ.

ಇರುವ ಒಂದೇ ದಾಖಲೆ ಎಂದರೆ ಅಂಗಡಿಯ ಬಿಲ್ಲು ಪುಸ್ತಕ. ಕೀಟನಾಶಕ ಮಾರುವವರು ಬಿಲ್ಲು ಕೊಡಬೇಕು, ದಾಸ್ತಾನಿನ ಲೆಕ್ಕ ಇಡಬೇಕು ಎಂದು ನಿಯಮವೇ ಹೇಳುತ್ತದೆ. ಆದರೆ ಉದ್ರಿ ವ್ಯವಹಾರ, ಸುಗ್ಗಿಗೆ ತೀರಿಸುವ ಮಾತು, ಬಾಟಲಿಯಿಂದ ಬಾಟಲಿಗೆ ಸುರಿದುಕೊಡುವ ಚಿಲ್ಲರೆ ಮಾರಾಟದ ನಡುವೆ ಎಷ್ಟೋ ಕಡೆ ಬಿಲ್ಲು ಹೆಸರಿಗೆ ಮಾತ್ರ.

ಈ ವಿಷಯ ಶ್ರಾವಕ ಸಮಾಜಕ್ಕೆ ನೇರವಾಗಿ ಸಂಬಂಧಿಸಿದ್ದು. ವ್ಯಾಪಾರ ಸಮಾಜದ ಹಳೆಯ ವೃತ್ತಿ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅನರ್ಥದಂಡಗಳ ಪೈಕಿ ಹಿಂಸಾದಾನವೂ ಒಂದು. ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದೇ ಹಿಂಸಾದಾನ. ಕೊಡಲಿ, ಕತ್ತಿ, ಬೆಂಕಿಗಳ ಜೊತೆ ವಿಷವನ್ನೂ ಅಲ್ಲಿ ಹೆಸರಿಸಲಾಗಿದೆ. ಶ್ವೇತಾಂಬರ ಪರಂಪರೆಯ 15 ಕರ್ಮಾದಾನಗಳಲ್ಲಿ ವಿಷವಾಣಿಜ್ಯವನ್ನು ಬೇರೆಯಾಗಿಯೇ ಎಣಿಸಲಾಗಿದೆ. ಆ ಹಿಂಸಾದಾನದ ಪಟ್ಟಿಯಲ್ಲಿ ನೆಲ ಅಗೆಯುವ ಗುದ್ದಲಿಯೂ ಇದೆ ಎಂಬುದು ಗಮನಾರ್ಹ. ಸಾಧನವನ್ನಷ್ಟೇ ನೋಡಿದರೆ ಸಾಲದು, ಯಾರಿಗೆ, ಯಾವುದಕ್ಕೆ, ಎಷ್ಟು ಎಚ್ಚರದಿಂದ ಕೊಡುತ್ತೇವೆ ಎಂಬುದನ್ನೂ ನೋಡಬೇಕು. ಈ ವ್ಯಾಪಾರವೇ ಬೇಡ ಎಂದು ಬಿಟ್ಟವರಿಗೆ ಗೌರವ ಸಲ್ಲಬೇಕು. ಅಂಗಡಿ ಇಟ್ಟವರಿಗೂ ಮಾಡಬೇಕಾದ ಕೆಲಸವಿದೆ.

ಮಾಡಬಹುದಾದ ಕೆಲಸಗಳು

1. ಪ್ರತಿ ಮಾರಾಟಕ್ಕೂ ಬಿಲ್ಲು. ಅದರಲ್ಲಿ ಔಷಧದ ಹೆಸರು, ಬ್ಯಾಚ್ ನಂಬರ್, ತಾರೀಖು, ರೈತನ ಊರು, ಯಾವ ಬೆಳೆಗೆ ಎಂಬುದು ಇರಬೇಕು. ಹಳೆಯ ಬಿಲ್ಲು ಪುಸ್ತಕಗಳನ್ನು ರದ್ದಿಗೆ ಹಾಕಬಾರದು.

2. ನೀರಿನ ಬಾಟಲಿಗೆ, ಮದ್ಯದ ಬಾಟಲಿಗೆ ಸುರಿದು ಮಾರಬಾರದು. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ತೋರಿಸಿ ಹೇಳಬೇಕು. ಕೆಂಪು ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಹಸಿರು.

3. 2,4-ಡಿ ಕೇಳಿದವರಿಗೆ ಪಕ್ಕದ ಹೊಲದಲ್ಲಿ ಏನಿದೆ ಎಂದು ಕೇಳಬೇಕು. ಗಾಳಿ ಇದ್ದಾಗ ಹೊಡೆಯಬಾರದು. ಕಸದ ಎಣ್ಣೆಗೆ ಬೇರೆ ಪಂಪು ಇರಬೇಕು.

4. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಈ ಕೆಲಸದ ಹತ್ತಿರ ಇರಬಾರದು. ಖಾಲಿ ಡಬ್ಬಿಯನ್ನು ತೂತು ಮಾಡಬೇಕು. ಮನೆಯಲ್ಲಿ ನೀರಿಗೋ ಎಣ್ಣೆಗೋ ಬಳಸಬಾರದು.

5. ಯಾರಿಗಾದರೂ ವಿಷ ತಾಗಿದರೆ ಅವರ ಜೊತೆ ಆ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಬೇಕು. ಹೆಸರು ತಿಳಿಯದೆ ವೈದ್ಯರು ಚಿಕಿತ್ಸೆ ಆರಂಭಿಸುವುದು ಕಷ್ಟ.

6. ಸಮಾಜದ ಸಂಘಗಳು ಪ್ರತಿ ವರ್ಷ ನಡೆಸುವ ಆರೋಗ್ಯ ಶಿಬಿರಗಳಲ್ಲಿ ಸಿಂಪಡಣೆ ಮಾಡುವ ಕೂಲಿಗಳನ್ನೂ ಕರೆಯಬೇಕು. ಎಷ್ಟು ವರ್ಷದಿಂದ, ಯಾವ ಎಣ್ಣೆ ಹೊಡೆಯುತ್ತಿದ್ದಾರೆ ಎಂದು ಬರೆದುಕೊಳ್ಳಬೇಕು. ಕೈಗವಸು, ಮುಖಗವಸು ಹಂಚುವುದಕ್ಕೆ ದೊಡ್ಡ ಖರ್ಚಿಲ್ಲ.

ವಾಣಿನಗರದ ವೈದ್ಯರು ಮಾಡಿದ್ದು ಮೊದಲಿಗೆ ಇಷ್ಟೇ. ಕಂಡದ್ದನ್ನು ಬರೆದಿಟ್ಟರು. ಒಂದು ಊರಿನ ನೋವು ದೇಶದ ನ್ಯಾಯಾಲಯದವರೆಗೆ ಹೋಗಲು ಅದು ದಾರಿಯಾಯಿತು. ಆಳಂದ, ಅಫಜಲಪುರ, ಜೇವರ್ಗಿಯ ಅಂಗಡಿಗಳಲ್ಲಿ ಈ ಮುಂಗಾರಿನಿಂದಲೇ ಬಿಲ್ಲು ಸರಿಯಾಗಿ ಬರೆಯಲು ಆರಂಭಿಸಿದರೆ, ಮುಂದಿನ ಪೀಳಿಗೆಗೆ ಕನಿಷ್ಠ ಒಂದು ಸಾಕ್ಷಿಯಾದರೂ ಉಳಿಯುತ್ತದೆ. ಅದರ ಅಗತ್ಯವೇ ಬೀಳದಿರಲಿ.