ಅಂಗಳದ ವೈರು ನಮ್ಮ ಹೊಣೆ



ಅಡಿಕೆ ಕೊಯ್ಲು ಬಂತೆಂದರೆ ಸುಲಿಯುವ ಯಂತ್ರ ಅಂಗಳಕ್ಕಿಳಿಯುತ್ತದೆ. ಹಿಂದೆಯೇ ಜಗಲಿಯಿಂದ ಎಕ್ಸ್‌ಟೆನ್ಷನ್ ವೈರಿನ ಸುರುಳಿಯೂ. ಕಳೆದ ಕೊಯ್ಲಿನಲ್ಲಿ ನಮ್ಮ ಅಂಗಳದಲ್ಲಿ ಸುಟ್ಟ ವಾಸನೆ ಬಂದಾಗ ಮೋಟಾರು ಹೋಯಿತೆಂದು ಓಡಿದೆ. ಮೋಟಾರು ಸರಿಯಾಗಿತ್ತು, ಬಿಚ್ಚದೆ ಬಿಟ್ಟಿದ್ದ ಸುರುಳಿ ಕರಗಿ ಅಂಟಿಕೊಂಡಿತ್ತು. ಪಕ್ಕದಲ್ಲೇ ಹೆಣ್ಣಾಳುಗಳು ಅಡಿಕೆ ಆರಿಸುತ್ತಿದ್ದರು.

ಲೆಕ್ಕ ಸರಳ. ಸಿಂಗಲ್ ಫೇಸಿನ 2 ಎಚ್.ಪಿ. ಮೋಟಾರು ಸುಮಾರು 10 ಆಂಪಿಯರ್ ಎಳೆಯುತ್ತದೆ. ಶುರುವಾಗುವಾಗ ಅದರ ಹಲವು ಪಟ್ಟು. 1 ಚದರ ಮಿ.ಮೀ. ತಾಮ್ರದ 30 ಮೀಟರ್ ವೈರಿನಲ್ಲಿ ಇದರಿಂದ ಸುಮಾರು 100 ವಾಟ್ ಶಾಖ ಹುಟ್ಟುತ್ತದೆ. ಹಾಸಿದ್ದರೆ ಗಾಳಿಗೆ ಆರುತ್ತದೆ, ಸುತ್ತಿದ್ದರೆ ಒಳಗೇ ಬೇಯುತ್ತದೆ. 16 ಆಂಪಿಯರಿನ ಫ್ಯೂಸು ಇದಕ್ಕೆ ಹಾರುವುದಿಲ್ಲ. 2.5 ಚದರ ಮಿ.ಮೀ. ವೈರಾದರೆ ಶಾಖ 40 ವಾಟಿಗೆ ಇಳಿಯುತ್ತದೆ.

ಆದ್ದರಿಂದ ದಪ್ಪ ವೈರು ತನ್ನಿ, ಸುರುಳಿ ಪೂರ್ತಿ ಬಿಚ್ಚಿ. 16 ಆಂಪಿಯರಿನ ಮೂರು ಪಿನ್ನಿನ ಪ್ಲಗ್ಗೇ ಇರಲಿ. ಅರ್ಥ್ ತಂತಿ ಬಿಡಬೇಡಿ. ಟೇಪು ಸುತ್ತಿದ ಜಾಯಿಂಟು ಒದ್ದೆ ನೆಲದ ಮೇಲೆ ಬೇಡ. ಮೈಗೆ ಕರೆಂಟು ಹರಿದರೆ ತಟ್ಟನೆ ಕಡಿಯುವುದು ಫ್ಯೂಸಲ್ಲ, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಕಾಫಿ ಪಲ್ಪರಿಗೂ ಇದೇ ಮಾತು.

ಶಿವಮೊಗ್ಗ, ಭದ್ರಾವತಿಯ ಅಂಗಡಿಗಳಲ್ಲಿ ಯಂತ್ರಕ್ಕೆ ಸಾವಿರಾರು ರೂಪಾಯಿ ಎಣಿಸಿ, ವೈರಿಗೆ ಚೌಕಾಶಿ ಮಾಡುವವರು ನಾವೇ. ಯಂತ್ರದ ಸಾಲದ ಅರ್ಜಿಯಲ್ಲೇ ವೈರಿಂಗಿನ ಖರ್ಚೂ ಸೇರಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅವಘಡವಾದ ಮೇಲೆ ಆಳಿನ ಅಜಾಗರೂಕತೆ ಎನ್ನುವುದು ಸುಲಭ. ಆ ವೈರು ಕೊಟ್ಟವರು ಯಾರು?

– ಕಾರ್ಯದರ್ಶಿ