ಬಕಲ್ ಹಾಕಿದ್ದೀರಾ? ಗಾಡಿಯೇ ಕೇಳಲಿ

ದ್ವಿಚಕ್ರ ವಾಹನ ಸವಾರರಲ್ಲಿ, ಅವರ ಮನೆಯವರಲ್ಲಿ ಒಂದು ವಿನಂತಿ



ಈ ಕಾಗದ ಪೆಟ್ರೋಲ್ ಬಂಕಿನಲ್ಲಿ ನಿಮ್ಮ ಕೈಗೆ ಬಂದಿದ್ದರೆ, ಓದುವ ಮುಂಚೆ ಒಮ್ಮೆ ಗಲ್ಲದ ಕೆಳಗೆ ಕೈಯಾಡಿಸಿ ನೋಡಿ. ಸ್ಟ್ರಾಪ್ ಜೋತಾಡುತ್ತಿದೆಯೇ? ನಾಚಿಕೊಳ್ಳಬೇಡಿ. ನಾನೂ ಹದಿನೈದು ವರ್ಷ ಹಾಗೇ ಓಡಿಸಿದವನು. ಮಳೆ ನಿಂತ ಒಂದು ಸಂಜೆ, ತಿರುವಿನಲ್ಲಿ ಹರಡಿದ್ದ ಮರಳಿನ ಮೇಲೆ ಸ್ಕೂಟರ್ ಜಾರಿತು. ನಾನು ನೆಲ ಮುಟ್ಟುವ ಮೊದಲೇ ಹೆಲ್ಮೆಟ್ ತಲೆ ಬಿಟ್ಟು ಹೋಗಿತ್ತು. ಐಎಸ್‌ಐ ಮುದ್ರೆಯ ಒಳ್ಳೆಯ ಹೆಲ್ಮೆಟ್ಟೇ. ಚರಂಡಿಯ ಕಲ್ಲಿಗೆ ಒರಗಿಕೊಂಡು, ಒಂದು ಗೀರೂ ಇಲ್ಲದೆ ಕೂತಿತ್ತು. ನನ್ನ ಹಣೆಗೆ ಒಂಬತ್ತು ಹೊಲಿಗೆ. ಎತ್ತಿ ಕೂರಿಸಿದ ಎಳನೀರಿನವರು "ಹೆಲ್ಮೆಟ್ ಹಾಕ್ಕೊಳ್ಳೋದಲ್ವಾ ಸಾರ್" ಅಂದರು. "ಹಾಕಿದ್ದೆ" ಅಂದೆ. ಅವರು ನಂಬಲಿಲ್ಲ.

ಕಾನೂನೂ ನಂಬುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ ಅಂದರೆ ಏನು ಎಂದು ಬಿಡಿಸಿ ಹೇಳುತ್ತದೆ: ಅದು ಸ್ಟ್ರಾಪಿನಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು. ಬಕಲ್ ಹಾಕದಿದ್ದರೆ ಅದು ಬರೀ ಟೋಪಿ. ಆದರೆ ಇದನ್ನು ನೋಡುವವರು ಯಾರು? ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಕ್ಯಾಮೆರಾ ಬಂದಿದೆ. ಬುರುಡೆಯ ಮೇಲೆ ಏನೋ ದುಂಡಗೆ ಕಂಡರೆ ಅದಕ್ಕೆ ಸಮಾಧಾನ. 500 ರೂಪಾಯಿ ದಂಡ ತಪ್ಪಿತೆಂದು ನಮಗೂ ಸಮಾಧಾನ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ದಿನಕ್ಕೆ 137 ಜನ. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಹೆಲ್ಮೆಟ್ ಇದ್ದಿದ್ದರೆ ಎಲ್ಲರೂ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ. 61 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ, ಕಾಕ್ರೇನ್ ಎಂಬ ವೈದ್ಯಕೀಯ ಸಂಸ್ಥೆಯ ಪರಿಶೀಲನೆಯ ಪ್ರಕಾರ ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು ಶೇ. 42ರಷ್ಟು, ತಲೆಪೆಟ್ಟನ್ನು ಶೇ. 69ರಷ್ಟು ಇಳಿಸುತ್ತದೆ. ಅದರ ಕೆಲಸ ತುಂಬ ಸರಳ: ಒಳಗಿನ ಥರ್ಮಾಕೋಲ್ ಕುಗ್ಗಿ ಪೆಟ್ಟಿನ ಬಲವನ್ನು ತಾನು ಹೀರಿಕೊಳ್ಳುತ್ತದೆ. ಕುಗ್ಗಬೇಕಾದರೆ ಅದು ಆ ಕ್ಷಣದಲ್ಲಿ ತಲೆಗೂ ರಸ್ತೆಗೂ ನಡುವೆ ಇರಬೇಕಷ್ಟೆ.

ಈಗ ಈ ಕರಪತ್ರ ಹಂಚುತ್ತಿರುವ ನಮ್ಮ ಬೇಡಿಕೆಗೆ ಬರುತ್ತೇನೆ. 2019ರ ಜುಲೈಯಿಂದ ನಮ್ಮ ದೇಶದಲ್ಲಿ ತಯಾರಾಗುವ ಪ್ರತಿ ಕಾರಿನಲ್ಲೂ ಸೀಟ್ ಬೆಲ್ಟ್ ಹಾಕದಿದ್ದರೆ ಬೀಪ್ ಬೀಪ್ ಎನ್ನುವ ಬಜರ್ ಕಡ್ಡಾಯ. ಸುತ್ತಲೂ ತಗಡು, ಮುಂದೆ ಏರ್‌ಬ್ಯಾಗ್ ಇರುವವರಿಗೆ ಆ ಎಚ್ಚರಿಕೆ. ಮೈಗೆ ಅಂಗಿ ಬಿಟ್ಟರೆ ಬೇರೇನೂ ಇಲ್ಲದ ಬೈಕಿನವರಿಗೆ? ಸೈಡ್ ಸ್ಟ್ಯಾಂಡ್ ಎತ್ತದಿದ್ದರೆ ಎಂಜಿನ್ ಆರಿಸುವ ಸ್ವಿಚ್ ಇವತ್ತಿನ ಎಷ್ಟೋ ಗಾಡಿಗಳಲ್ಲಿದೆ. ಸ್ಟ್ಯಾಂಡಿನ ಮೇಲಿರುವ ಕಾಳಜಿ ತಲೆಯ ಮೇಲೆ ಬೇಡವೇ?

ನಾವು ಕೇಳುವುದು ಇಷ್ಟು. ಬಕಲಿನ ಒಂದು ತುದಿಗೆ ಚಿಕ್ಕ ಅಯಸ್ಕಾಂತ, ಇನ್ನೊಂದು ತುದಿಗೆ ರೀಡ್ ಸ್ವಿಚ್. ಅಂಗಡಿ ಬಾಗಿಲಿನ ಕಳ್ಳರ ಅಲಾರಂನಲ್ಲಿರುತ್ತದಲ್ಲ, ಅದೇ. ಬಕಲ್ ಕಟಕ್ ಎಂದು ಕೂತರೆ ಸ್ವಿಚ್ ಮುಚ್ಚಿಕೊಳ್ಳುತ್ತದೆ. ಪಕ್ಕದಲ್ಲೊಂದು ಬ್ಲೂಟೂತ್ ಚಿಪ್, ಕಾರಿನ ರಿಮೋಟಿಗೆ ಹಾಕುವ ಗುಂಡು ಸೆಲ್. ಆಗಾಗ ಒಂದೆರಡು ಮಾತಷ್ಟೇ ಆಡುವ ಇಂಥ ಚಿಪ್ಪಿಗೆ ಆ ಸೆಲ್ ತಿಂಗಳುಗಟ್ಟಲೆ ಬಾಳುತ್ತದೆ. ಇತ್ತೀಚಿನ ಎಷ್ಟೋ ಸ್ಕೂಟರ್‌ಗಳ ಮೀಟರಿನಲ್ಲಿ ಬ್ಲೂಟೂತ್ ಆಗಲೇ ಇದೆ, ಫೋನಿನಲ್ಲಿ ಯಾರು ಕರೆದರು ಎಂದು ತೋರಿಸುವುದಕ್ಕೆ. ಅದೇ ಮೀಟರ್ "ಬಕಲ್ ಹಾಕಿಲ್ಲ" ಎಂದು ಮಿಟುಕಲಿ, ಕೂಗಲಿ.

ನಾನು ಎಲೆಕ್ಟ್ರಾನಿಕ್ಸ್ ಪಾಠ ಹೇಳುವವನು. "ಸ್ಮಾರ್ಟ್ ಹೆಲ್ಮೆಟ್" ಎಂಬ ಪ್ರಾಜೆಕ್ಟ್ ಬಾರದ ವರ್ಷವೇ ನನಗೆ ನೆನಪಿಲ್ಲ. ಹುಡುಗರು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿಗೆ ಹೋಗಿ ಆರ್ಡುಯಿನೊ, ಜಿಎಸ್‌ಎಂ ಬೋರ್ಡು, ಕುಡಿದಿದ್ದರೆ ಗುರುತಿಸುವ ಎಂಕ್ಯೂ-3 ಸೆನ್ಸರ್ ತರುತ್ತಾರೆ. ಅದನ್ನೆಲ್ಲ ಹೆಲ್ಮೆಟ್ಟಿನೊಳಗೆ ತುರುಕಲು ಮೊದಲು ಮಾಡುವ ಕೆಲಸವೇನು ಗೊತ್ತೇ? ಚಾಕುವಿನಿಂದ ಥರ್ಮಾಕೋಲ್ ಕೆತ್ತುವುದು! ಜೀವ ಉಳಿಸುವ ಭಾಗವನ್ನು ತೆಗೆದು ಅಲ್ಲಿ ಲೀಥಿಯಂ ಬ್ಯಾಟರಿ ಕೂರಿಸುವುದು. ಆ ಎಂಕ್ಯೂ-3 ಒಳಗೆ ಕಾಯುತ್ತಲೇ ಇರಬೇಕು. ಆ ಬಿಸಿಗೆ ಸಣ್ಣ ಬ್ಯಾಟರಿಯಾದರೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಬಂದ ಪರೀಕ್ಷಕರನ್ನೇ ಅದು ಕುಡುಕರೆಂದು ಸಾರಿದ್ದನ್ನು ನಾನು ಕಂಡಿದ್ದೇನೆ. ಹುಡುಗರ ಉತ್ಸಾಹಕ್ಕೆ ನನ್ನ ಕೈಯಲ್ಲಿ ಎಂದೂ ಅಂಕ ಕಡಿಮೆಯಾಗಿಲ್ಲ. ಆದರೆ ಆ ಹೆಲ್ಮೆಟ್ ಹಾಕಿಕೊಂಡು ರಸ್ತೆಗಿಳಿಯಲು ಯಾರನ್ನೂ ಬಿಡಲಾರೆ. ಏನೇ ಜೋಡಿಸಿದರೂ ಅದು ಬಕಲಿನಲ್ಲಿರಲಿ, ಇಲ್ಲವೇ ಕತ್ತಿನ ಹಿಂದಿನ ಅಂಚಿನಲ್ಲಿರಲಿ. ಬುರುಡೆಯ ಸುತ್ತಲಿನ ಜಾಗ ಥರ್ಮಾಕೋಲಿನದು.

"ಹೆಲ್ಮೆಟ್ ಹಾಕದಿದ್ದರೆ ಗಾಡಿ ಸ್ಟಾರ್ಟೇ ಆಗಬಾರದು" ಎಂದು ಆವೇಶದಿಂದ ಹೇಳುವವರೂ ಇದ್ದಾರೆ. ಅಮೆರಿಕದವರು 1974ರ ಕಾರುಗಳಲ್ಲಿ ಇದನ್ನು ಮಾಡಿ ನೋಡಿದರು: ಬೆಲ್ಟ್ ಹಾಕದಿದ್ದರೆ ಎಂಜಿನ್ ಏಳದು. ಪಕ್ಕದ ಸೀಟಿನಲ್ಲಿ ದಿನಸಿ ಚೀಲ ಇಟ್ಟರೂ ಅದಕ್ಕೆ ಬೆಲ್ಟ್ ಬೇಕಾಯಿತು. ಜನ ರೊಚ್ಚಿಗೆದ್ದರು, ಅದೇ ವರ್ಷ ಅಲ್ಲಿನ ಸಂಸತ್ತು ಆ ನಿಯಮವನ್ನು ತೆಗೆದುಹಾಕಿತು. ನಮ್ಮಲ್ಲಿ ಅಷ್ಟು ದಿನವೂ ಬೇಕಿಲ್ಲ, ಮೂಲೆಯ ಮೆಕ್ಯಾನಿಕ್ ಒಂದು ತುಂಡು ವೈರಿನಲ್ಲಿ ಮುಗಿಸಿಕೊಡುತ್ತಾನೆ. ನಡುರಾತ್ರಿ ಹೆರಿಗೆ ನೋವೆಂದು ಹೊರಟವರ ಬಕಲಿನ ಸೆಲ್ ಸತ್ತಿದ್ದರೆ ಗತಿಯೇನು? ಆದ್ದರಿಂದ ಗಾಡಿ ನಿಲ್ಲುವುದು ಬೇಡ. ಪೀಡಿಸಿದರೆ ಸಾಕು.

ಬಕಲಿನ ಸ್ವಿಚ್ಚಿನಿಂದ ಇನ್ನೊಂದು ಲಾಭವಿದೆ. ಬಿದ್ದ ಕೂಡಲೇ 112ಕ್ಕೆ ಸುದ್ದಿ ಮುಟ್ಟಿಸುವ ಹೆಲ್ಮೆಟ್ ಬೇಕೆಂದು ಬಹಳ ಜನ ಕೇಳುತ್ತಾರೆ. ಚಿಕ್ಕಮಗಳೂರಿನ ಘಟ್ಟದಲ್ಲೋ ಚಿತ್ರದುರ್ಗದ ಬಯಲಲ್ಲೋ ರಾತ್ರಿ ಒಬ್ಬರೇ ಬಿದ್ದರೆ 112ಕ್ಕೆ ಫೋನ್ ಮಾಡುವವರು ಯಾರು? ಜರ್ಕ್ ಗುರುತಿಸುವ ಸೆನ್ಸರ್ ಈಗ ಫೋನುಗಳಲ್ಲೇ ಇದೆ. ತೊಂದರೆ ಏನೆಂದರೆ, ಸೀಟಿನ ಮೇಲಿಟ್ಟ ಹೆಲ್ಮೆಟ್ ಉರುಳಿ ಬಿದ್ದರೂ ಜರ್ಕ್ ಜೋರಾಗೇ ಇರುತ್ತದೆ. ದಿನಕ್ಕೆ ಸಾವಿರ ಸುಳ್ಳು ಕರೆ ಬಂದರೆ ನಿಜದ ಕರೆಗೆ ಕಿವಿಗೊಡುವವರು ಯಾರು? ಬಕಲ್ ಹಾಕಿತ್ತು, ಗಾಡಿ ಓಡುತ್ತಿತ್ತು, ಪೆಟ್ಟು ಬಿತ್ತು, ಆಮೇಲೆ ಅರ್ಧ ನಿಮಿಷ ಅಲುಗಾಟವಿಲ್ಲ – ಈ ನಾಲ್ಕೂ ಸೇರಿದರೆ ಮಾತ್ರ ಕರೆ ಹೋಗಲಿ. ಆ ಮೊದಲನೆಯದನ್ನು ಹೇಳಬಲ್ಲದ್ದು ಬಕಲಿನ ಸ್ವಿಚ್ಚೇ.

ಮಾಹಿತಿ ಪೊಲೀಸರಿಗೂ ವಿಮೆಯವರಿಗೂ ಹೋಗುತ್ತದೆಯೇ ಎಂಬ ಅನುಮಾನ ನ್ಯಾಯವಾದದ್ದು. ಹೋಗಕೂಡದು. ಬಕಲಿನ ಮಾತು ಬಕಲಿಗೂ ಮೀಟರಿಗೂ ನಡುವೆ ಮುಗಿಯಬೇಕು, ಅಪಘಾತದ ಕರೆಯೊಂದನ್ನು ಬಿಟ್ಟು. ಇದನ್ನು ನಿಯಮದಲ್ಲೇ ಬರೆಯಬೇಕು. ಇಲ್ಲದಿದ್ದರೆ ಈ ಕರಪತ್ರ ಹಂಚುವ ನಾವೇ ಮೊದಲು ಬೀದಿಗಿಳಿಯುತ್ತೇವೆ.

ದುಡ್ಡಿನ ಮಾತು: ರೀಡ್ ಸ್ವಿಚ್ ಎಸ್‌ಪಿ ರೋಡಿನಲ್ಲಿ ಕಾಫಿಯ ದುಡ್ಡಿಗೆ ಸಿಗುತ್ತದೆ. ಹೊಸ ಗಾಡಿಯ ಜೊತೆ ತಯಾರಕರು ಹೆಲ್ಮೆಟ್ ಕೊಡಬೇಕೆಂಬ ನಿಯಮ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 138ರಲ್ಲಿ ಇದ್ದೇ ಇದೆ. ಕೊಡುವ ಆ ಹೆಲ್ಮೆಟ್ಟಿನಿಂದಲೇ ಶುರುವಾಗಲಿ. 2021ರ ಜೂನ್ 1ರಿಂದ ಐಎಸ್‌ಐ ಮುದ್ರೆ ಇಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂದಿದ್ದರೂ ರಸ್ತೆಬದಿಯ ಹಗ್ಗದಲ್ಲಿ ಇವತ್ತಿಗೂ ಅವು ತೂಗಾಡುತ್ತಿವೆ. ಅದು ಬೇರೆಯದೇ ಜಗಳ.

ಸಾರಿಗೆ ಸಚಿವಾಲಯ ಹೊಸ ನಿಯಮದ ಕರಡನ್ನು ಪ್ರಕಟಿಸಿದಾಗ ಸಾರ್ವಜನಿಕರ ಆಕ್ಷೇಪ, ಸಲಹೆ ಕೇಳುತ್ತದೆ; ಐಎಸ್‌ಐ ಮುದ್ರೆ ಕೊಡುವ ಬಿಐಎಸ್ ಕೂಡ ಮಾನಕಗಳ ಕರಡನ್ನು ಜನರ ಮುಂದಿಡುತ್ತದೆ. ಕನ್ನಡದಲ್ಲೇ ಬರೆಯಿರಿ, ಒಂದು ಸಾಲಾದರೂ ಸರಿ. ಅದಕ್ಕೂ ಮೊದಲು, ಗಾಡಿ ಕೊಳ್ಳಲು ಶೋರೂಮಿಗೆ ಹೋದಾಗ ಮೈಲೇಜ್ ಕೇಳಿದ ಮೇಲೆ ಇದನ್ನೂ ಕೇಳಿ: "ನಾನು ಬಕಲ್ ಹಾಕಿದ್ದೀನೋ ಇಲ್ವೋ ಈ ಗಾಡಿಗೆ ಗೊತ್ತಾಗುತ್ತಾ?" ಸೇಲ್ಸ್ ಹುಡುಗ ನಗಬಹುದು. ನಗಲಿ. ತಿಂಗಳಲ್ಲಿ ಹತ್ತು ಜನ ಇದನ್ನೇ ಕೇಳಿದರೆ ಅವನು ಮ್ಯಾನೇಜರಿಗೆ ಹೇಳುತ್ತಾನೆ.

(ಓದಿದ ಮೇಲೆ ಇದನ್ನು ನಿಮ್ಮ ಹಿಂದಿನ ಸೀಟಿನವರಿಗೆ ಕೊಡಿ.)