ಪಾಚಿಯ ಜಮಾ-ಖರ್ಚು

ಮಕ್ಕಳೇ, ಕಲ್ಯಾಣಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಹಸಿರು ಪಾಚಿಯನ್ನು ನೀವೆಲ್ಲ ನೋಡಿರುತ್ತೀರಿ. ಮನೆಯ ನೀರಿನ ತೊಟ್ಟಿಯಲ್ಲಿ ಅದು ಕಟ್ಟಿಕೊಂಡರೆ ಅಜ್ಜಿಗೆ ಸಿಟ್ಟು ಬರುತ್ತದೆ. ತೆಂಗಿನ ನಾರು ಕೊಟ್ಟು ನಿಮ್ಮನ್ನೇ ಉಜ್ಜಲು ಕೂರಿಸುತ್ತಾರೆ. ಇಂಥ ಪಾಚಿಯಿಂದ ಬಸ್ಸು ಓಡಿಸುವ ಡೀಸೆಲ್ ತೆಗೆಯಬಹುದು ಎಂದರೆ ನಂಬುತ್ತೀರಾ? ತೆಗೆಯಬಹುದು. ತೆಗೆದೂ ತೋರಿಸಿದ್ದಾರೆ. ಆದರೆ ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಬರೆದೇ ತಲೆ ನರೆತವನು ನಾನು. ಏನು ಕೇಳಿದರೂ ನಡುವೆ ಒಂದು ಗೆರೆ ಎಳೆದು, ಈ ಕಡೆ ಜಮಾ, ಆ ಕಡೆ ಖರ್ಚು ಎಂದು ಬರೆದು ನೋಡುವ ಚಾಳಿ ಹೋಗಿಲ್ಲ. ಈ ವಾರ ಪಾಚಿಯ ಹೆಸರಿನಲ್ಲಿ ಒಂದು ಖಾತೆ ತೆರೆಯೋಣ.

ಇಲ್ಲಿ ಹೇಳುತ್ತಿರುವುದು ಸೂಕ್ಷ್ಮ ಪಾಚಿಯ ವಿಷಯ. ಒಂದೇ ಜೀವಕೋಶದ ಸಸಿ ಎಂದುಕೊಳ್ಳಿ. ಒಂದೊಂದಾಗಿ ಕಣ್ಣಿಗೆ ಕಾಣುವುದಿಲ್ಲ. ಕೋಟಿಗಟ್ಟಲೆ ಸೇರಿದಾಗ ನೀರು ಹಸಿರಾಗುತ್ತದೆ. ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್ ಸಿಕ್ಕರೆ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ. ಕೆಲವು ಜಾತಿಯವು ಕಷ್ಟಕಾಲಕ್ಕೆಂದು ಮೈಯೊಳಗೆ ಎಣ್ಣೆ ಕೂಡಿಡುತ್ತವೆ, ನಿಮ್ಮ ಅಜ್ಜಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಟ್ಟ ಹಾಗೆ. ಆ ಎಣ್ಣೆಗೆ ಮೆಥನಾಲ್, ಚೂರು ಕಾಸ್ಟಿಕ್ ಸೋಡಾ ಸೇರಿಸಿ ಬಿಸಿ ಮಾಡಿದರೆ ಮೇಲೆ ಬಯೋಡೀಸೆಲ್, ಕೆಳಗೆ ಗ್ಲಿಸರಿನ್ ನಿಲ್ಲುತ್ತದೆ. ಹೊಂಗೆ ಎಣ್ಣೆಯಿಂದ ಮಾಡುವುದೂ ಹೀಗೆಯೇ. ಹೊಂಗೆ ಗಿಡ ನೆಟ್ಟರೆ ಕಾಯಿ ಬಿಡಲು ವರ್ಷಗಳು ಬೇಕು. ಪಾಚಿಯಾದರೋ ಅನುಕೂಲವಿದ್ದರೆ ಒಂದೇ ದಿನದಲ್ಲಿ ಎರಡರಷ್ಟಾಗುತ್ತದೆ. ಅದಕ್ಕೆ ಭತ್ತ, ರಾಗಿ ಬೆಳೆಯುವ ಹೊಲವೂ ಬೇಡ. ಉಪ್ಪುನೀರಿನಲ್ಲಿ ಬೆಳೆಯುವ ಜಾತಿಗಳೂ ಇವೆ.

1973ರಲ್ಲಿ ಅರಬ್ ದೇಶಗಳು ಎಣ್ಣೆ ಕಳಿಸುವುದನ್ನು ತಡೆಹಿಡಿದಾಗ ಅಮೆರಿಕದಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಉದ್ದುದ್ದ ಸಾಲು ನಿಂತಿತು. ನಿಮ್ಮ ತಾತಂದಿರಿಗೆ ಆಗ ನಮ್ಮಲ್ಲೂ ಬೆಲೆ ಏರಿದ್ದು ನೆನಪಿರಬಹುದು. ಆ ಬಿಸಿ ತಾಗಿದ ಮೇಲೆ 1978ರಲ್ಲಿ ಅಮೆರಿಕದ ಸರ್ಕಾರ ಪಾಚಿಯಿಂದ ಇಂಧನ ತೆಗೆಯುವ ಸಂಶೋಧನೆಗೆ ಹಣ ಕೊಟ್ಟಿತು. ವಿಜ್ಞಾನಿಗಳು ಕೆರೆ, ಕೊಳ, ಸಮುದ್ರತೀರಗಳನ್ನೆಲ್ಲ ಸುತ್ತಿ 3,000ಕ್ಕೂ ಹೆಚ್ಚು ಬಗೆಯ ಪಾಚಿಗಳನ್ನು ಸಂಗ್ರಹಿಸಿದರು. ಜರಡಿ ಹಿಡಿದು ಕೊನೆಗೆ ಸುಮಾರು 300 ಉಳಿಸಿಕೊಂಡರು.

ಗಾಜಿನ ಸೀಸೆಯಲ್ಲಿ ಬೆಳೆಯುವುದು ಒಂದು ಮಾತು, ಬಯಲಿನಲ್ಲಿ ಬೆಳೆಯುವುದು ಇನ್ನೊಂದು. ಅದನ್ನು ನೋಡಲು ನ್ಯೂ ಮೆಕ್ಸಿಕೋ ರಾಜ್ಯದ ರಾಸ್‌ವೆಲ್ ಎಂಬ ಊರಿನಲ್ಲಿ ದೊಡ್ಡ ಕೊಳಗಳನ್ನು ಕಟ್ಟಿದರು. ಹಾರುವ ತಟ್ಟೆ ಬಿತ್ತೆಂದು 1947ರಲ್ಲಿ ಗುಲ್ಲೆದ್ದಿತಲ್ಲ, ಅದೇ ರಾಸ್‌ವೆಲ್! ಒಂದೊಂದು ದೊಡ್ಡ ಕೊಳವೂ 1,000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆಗೆ ಚೂರು ಕಡಿಮೆ. ಶಾಲೆಯ ಓಟದ ಪಂದ್ಯಕ್ಕೆ ಸುಣ್ಣದಲ್ಲಿ ಎಳೆಯುವ ಪಥದ ಆಕಾರ. ನೀರಿನ ಆಳ ಸುಮಾರು ಒಂದು ಗೇಣು. ಅದಕ್ಕಿಂತ ಆಳವಾದರೆ ದಟ್ಟ ಹಸಿರು ನೀರಿನ ತಳಕ್ಕೆ ಬಿಸಿಲು ಇಳಿಯುವುದಿಲ್ಲ. ಒಂದು ಕಡೆ ಹಲಗೆಗಳ ಚಕ್ರ ತಿರುಗುತ್ತ ನೀರನ್ನು ತಳ್ಳುತ್ತಿರುತ್ತದೆ. ತಳದಲ್ಲಿದ್ದದ್ದು ಮೇಲೆ ಬಂದು, ಎಲ್ಲಕ್ಕೂ ಸರದಿಯ ಮೇಲೆ ಬಿಸಿಲು ಸಿಗಲಿ ಎಂದು.

ಈಗ ಜಮಾ ಬರೆಯೋಣ. ಒಳ್ಳೆಯ ದಿನ ಒಂದು ಚದರ ಮೀಟರಿಗೆ 50 ಗ್ರಾಂ ಒಣಪಾಚಿ ಸಿಕ್ಕಿದ್ದುಂಟು. ಆದರೆ ದೀಪಾವಳಿಯ ಹಿಂದಿನ ದಿನದ ವ್ಯಾಪಾರ ನೋಡಿ ವರ್ಷದ ವ್ಯಾಪಾರ ಹೇಳಬಾರದು. ರಾಸ್‌ವೆಲ್‌ನ ರಾತ್ರಿ ಬಲು ಚಳಿ. ಸರಾಸರಿ ದಿನಕ್ಕೆ ಸುಮಾರು 10 ಗ್ರಾಂಗೆ ಇಳಿಯಿತು. ಹತ್ತು ಗುಂಟೆಯ ಕೊಳಕ್ಕೆ ದಿನಕ್ಕೆ 10 ಕಿಲೋ. ಅದರಲ್ಲಿ ಕಾಲು ಭಾಗ ಎಣ್ಣೆ ಎಂದುಕೊಂಡರೂ ಎರಡೂವರೆ ಕಿಲೋ, ಅಂದರೆ ಮೂರು ಲೀಟರಿಗೂ ಕಡಿಮೆ. ಟ್ರ್ಯಾಕ್ಟರು ಒಂದು ಗಂಟೆ ಉಳಲೂ ಸಾಲದು.

ಖರ್ಚಿನ ಕಡೆ ನೋಡಿ. ಚಕ್ರ ತಿರುಗಿಸಲು ಕರೆಂಟು. ಆವಿಯಾದ ನೀರನ್ನು ಮತ್ತೆ ತುಂಬಬೇಕು. ಗೊಬ್ಬರ, ಇಂಗಾಲದ ಡೈಆಕ್ಸೈಡ್ ಕೊಡಬೇಕು. ಎಲ್ಲಕ್ಕಿಂತ ದುಬಾರಿ ಕೊಯ್ಲು. ಒಂದು ಲೀಟರ್ ನೀರಿನಲ್ಲಿ ಅರ್ಧ ಗ್ರಾಂ ಪಾಚಿ ಇದ್ದರೆ, ಒಂದು ಕಿಲೋ ಬೇಕಾದಾಗ ಎಷ್ಟು ನೀರು ಸೋಸಬೇಕು? ಪೆನ್ಸಿಲ್ ತೆಗೆದುಕೊಳ್ಳಿ. 2,000 ಲೀಟರ್! ಇನ್ನು ಕರೆಯದೆ ಬರುವ ನೆಂಟರು ಬೇರೆ. ಪ್ರಯೋಗಾಲಯದಲ್ಲಿ ಮುದ್ದಿನಿಂದ ಬೆಳೆಸಿದ ಪಾಚಿಯನ್ನು ಬಯಲಿಗೆ ಬಿಟ್ಟರೆ, ಗಾಳಿಯಲ್ಲಿ ಹಾರಿಬಂದ ಅಲ್ಲಿಯದೇ ಪಾಚಿ ಕೊಳವನ್ನು ಆಕ್ರಮಿಸಿಕೊಳ್ಳುತ್ತಿತ್ತು. ಊರಿನ ಪಾಚಿಯೇ ಊರಿನ ಕೊಳಕ್ಕೆ ಒಗ್ಗುತ್ತದೆ ಎಂಬುದು ಅಲ್ಲಿ ಕಲಿತ ಪಾಠ.

ಇನ್ನೊಂದು ಸ್ವಾರಸ್ಯ ಕೇಳಿ. ಗೊಬ್ಬರ ಕಡಿಮೆ ಮಾಡಿ ಪಾಚಿಯನ್ನು ಉಪವಾಸ ಕೆಡವಿದರೆ ಅದು ಹೆದರಿ ಹೆಚ್ಚು ಎಣ್ಣೆ ಕೂಡಿಡುತ್ತದೆ. ವಿಜ್ಞಾನಿಗಳಿಗೆ ಖುಷಿಯಾಯಿತು. ಆದರೆ ಉಪವಾಸವಿದ್ದದ್ದು ಬೆಳೆಯುವುದೇ ಇಲ್ಲ. 10 ಕಿಲೋ ಪಾಚಿಯಲ್ಲಿ ನೂರಕ್ಕೆ 20 ಎಣ್ಣೆ ಇದ್ದರೆ 2 ಕಿಲೋ. 4 ಕಿಲೋ ಪಾಚಿಯಲ್ಲಿ ನೂರಕ್ಕೆ 40 ಇದ್ದರೆ? ಒಂದೂವರೆ ಕಿಲೋ ಚಿಲ್ಲರೆ ಅಷ್ಟೆ. ಬಡ್ಡಿಯ ದರ ಏರಿತು, ಅಸಲು ಕರಗಿತು. ಹೆಚ್ಚು ಬಡ್ಡಿ ಎಂಬ ಜಾಹೀರಾತು ಕಂಡಾಗಲೂ ಅಸಲು ಏನಾಗುತ್ತದೆ ಎಂದು ಕೇಳಿ ಮಕ್ಕಳೇ, ದೊಡ್ಡವರಿಗೂ ನೆನಪಿಸಿ.

1996ರಲ್ಲಿ ಯೋಜನೆ ನಿಂತಿತು. ಹದಿನೆಂಟು ವರ್ಷ, ಸುಮಾರು ಎರಡೂವರೆ ಕೋಟಿ ಡಾಲರ್. 1998ರಲ್ಲಿ ಹೊರಬಂದ ವರದಿ ಮುಚ್ಚುಮರೆಯಿಲ್ಲದೆ ಹೇಳಿತು: ಎಷ್ಟೇ ಉದಾರವಾಗಿ ಲೆಕ್ಕ ಹಾಕಿದರೂ ಪಾಚಿ ಡೀಸೆಲ್ಲಿಗೆ ಆಗಿನ ಮಾಮೂಲಿ ಡೀಸೆಲ್ಲಿನ ಎರಡರಷ್ಟು ಖರ್ಚಾಗುತ್ತದೆ. ಮುಂದೆ 2009ರಲ್ಲಿ ಎಕ್ಸಾನ್ ಮೊಬಿಲ್ ಕಂಪನಿ 60 ಕೋಟಿ ಡಾಲರ್‌ವರೆಗೂ ಹಾಕುತ್ತೇನೆಂದು ಸಾರಿತು. 2023ರ ಹೊತ್ತಿಗೆ ಅದೂ ಕೈಬಿಟ್ಟಿತು.

ಹಾಗಾದರೆ ಎಲ್ಲ ನೀರಿನಲ್ಲಿ ಹೋಮವೇ? ನಾನು ಹಾಗೆ ಬರೆಯುವುದಿಲ್ಲ. ಏನು ಬೆಳೆಯಿತು, ಏನು ಸತ್ತಿತು, ಎಲ್ಲಿ ನಷ್ಟವಾಯಿತು ಎಂಬುದನ್ನೆಲ್ಲ ಅವರು ದಾಖಲಿಸಿಟ್ಟರು. ಮುಂದೆ ಬಂದವರು ಆ ಪುಟಗಳನ್ನು ಓದಿಯೇ ಕೆಲಸ ಶುರುಮಾಡಿದರು. ನಷ್ಟವನ್ನು ಬಚ್ಚಿಟ್ಟಿದ್ದರೆ ಪ್ರತಿಯೊಬ್ಬರೂ ಅದೇ ಹಳ್ಳಕ್ಕೆ ಬೀಳಬೇಕಿತ್ತು. ಪಾಚಿಯಿಂದ ಲಾಭವೇ ಇಲ್ಲವೆಂದೂ ಅಲ್ಲ. ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ಕೆಲಸ ಮಾಡಿದ ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿ ಬಯಲು ಕೊಳದಲ್ಲೇ ಚೆನ್ನಾಗಿ ಬೆಳೆಯುತ್ತದೆ. ಅದಕ್ಕೆ ಬೇಕಾದದ್ದು ಸೋಡಾ ಹಾಕಿದ ಕ್ಷಾರದ ನೀರು. ಕರೆಯದ ನೆಂಟರಲ್ಲಿ ಹೆಚ್ಚಿನವರಿಗೆ ಆ ನೀರು ಆಗಿಬರದು. ಪೌಷ್ಟಿಕ ಮಾತ್ರೆಯಾಗಿ ಮಾರಿದರೆ ಡೀಸೆಲ್ಲಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆ.

ಭೂಮಿಯೊಳಗಿನ ಎಣ್ಣೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಹೀಗೆಯೇ ಸಿಗುವುದಿಲ್ಲ. ಅದರ ಹೊಗೆಯಿಂದ ಹವಾಮಾನ ಈಗಲೇ ಕೆಡುತ್ತಿದೆ. ಆದ್ದರಿಂದ ಈ ಖಾತೆಯನ್ನು ನಾನು ಮುಚ್ಚುವುದಿಲ್ಲ, ಬಾಕಿ ಮುಂದಕ್ಕೆ ಒಯ್ಯುತ್ತೇನೆ. ಅದನ್ನು ಸರಿದೂಗಿಸುವವರು ನಿಮ್ಮಲ್ಲೇ ಯಾರಾದರೂ ಇರಬಹುದು.

ಈ ವಾರದ ಮನೆಗೆಲಸ: ದೊಡ್ಡವರನ್ನು ಜೊತೆಗೆ ಕರೆದುಕೊಂಡು ಕೆರೆಯ ನೀರು ತನ್ನಿ. ಎರಡು ಗಾಜಿನ ಸೀಸೆಗೆ ತುಂಬಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಒಂದನ್ನು ಬೆಳಕಿರುವ ಕಿಟಕಿಯಲ್ಲಿ, ಇನ್ನೊಂದನ್ನು ಕತ್ತಲ ಬೀರುವಿನಲ್ಲಿ ಇಡಿ. ಹದಿನೈದು ದಿನ ಪ್ರತಿ ಸಂಜೆ ಬಣ್ಣ ನೋಡಿ, ತಾರೀಖು ಹಾಕಿ ಬರೆದಿಡಿ. ಬದಲಾವಣೆ ಕಾಣದ ದಿನ "ಏನೂ ಆಗಿಲ್ಲ" ಎಂದೇ ಬರೆಯಿರಿ. ಆಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ.